ಅತ್ತೆಯ ಬದುವಿನ ಮೇಲೆ ಕಟಕಟಿ

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ವಯಸ್ಸಾದ ಮೇಲೆ ಅರ್ಧ ಇಳಿದಿದೆ. ಉಳಿದರ್ಧ ಇದನ್ನು ಬರೆಯಲು ಕೂತಾಗ ನನ್ನ ಮೇಲೆಯೇ ತಿರುಗುತ್ತದೆ, ಅದಕ್ಕೇ ಇಷ್ಟು ವರ್ಷ ಬರೆಯದೆ ಬಿಟ್ಟಿದ್ದೆ.

ನಮ್ಮದು ಅಕ್ಕಲಕೋಟ ಸಂಸ್ಥಾನದ ಚಪಳಗಾಂವ. ಇಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಿಂಗಾರಿ ಜೋಳ ಎದೆಮಟ್ಟ ನಿಂತು ತೆನೆ ಹೊರಹಾಕುತ್ತಿದ್ದ ದಿನಗಳು. ಸೊಲ್ಲಾಪುರದ ಪೇಟೆಗೆ ಹೋಗಿದ್ದ ಅಣ್ಣ ಗಾಡಿ ಇಳಿಯುವ ಮೊದಲೇ ಕೂಗಿದ: "ಟೋಳ ಬಂದಾವಂತ! ಮರವಡೆ ಕಡೆ ಒಂದು ದಂಟ ಸೈತ ಉಳಿದಿಲ್ಲಂತ!"

ಟೋಳ ಅಂದರೆ ಮಿಡತೆಯ ದಂಡು. ಅದರ ಗುಣ ಅಪ್ಪನಿಗೆ ಗೊತ್ತಿತ್ತು. ಹಗಲೆಲ್ಲ ಹಾರುತ್ತದೆ, ಹೊತ್ತು ಮುಳುಗುವಾಗ ಯಾವ ಹೊಲದಲ್ಲಿ ಕೂತಿತೋ ಅಲ್ಲೇ ಬೆಳಗಿನ ತನಕ ಮೇಯುತ್ತದೆ. ಸಪ್ಪಳ ಮಾಡಿ ಕೂರಗೊಡದಿದ್ದರೆ ಬೆಳೆ ಉಳಿಯಿತು, ಕೂತರೆ ವರ್ಷದ ಕೂಳು ಹೋಯಿತು. ಮನೆಯಲ್ಲಿ ಬಾರಿಸಲು ಇದ್ದದ್ದು ನಾಲ್ಕು ತಾಟು, ಒಂದು ಜಾಗಟೆ. ಅಷ್ಟು ದೊಡ್ಡ ಹೊಲಕ್ಕೆ ಅದು ಯಾವ ಮೂಲೆಗೂ ಸಾಲದು.

"ಕಟಕಟಿ ಮಾಡೂಣು" ಎಂದೆ ನಾನು. ಆಗ ನನಗೆ ಇಪ್ಪತ್ತೆರಡು. ಮರಗೆಲಸದ ಹುಚ್ಚು, ಉಳಿ ಬಾಚಿ ಎಲ್ಲ ಸ್ವಂತದ್ದು. ಅಣ್ಣನ ನಾಲ್ಕು ಮಕ್ಕಳು, ಓಣಿಯ ಮೂವರು ಕೂಡಿ ಏಳು ಜನ ಅಂಗಳದಲ್ಲಿ ಸುತ್ತ ಕೂತರು. ಅವರಲ್ಲಿ ದೊಡ್ಡವಳು ಅಣ್ಣನ ಮಗಳು, ಹನ್ನೊಂದರ ಹುಡುಗಿ. ಎದುರು ಮಾತಾಡುವುದರಲ್ಲಿ ನನ್ನ ಹಾಗೆಯೇ.

ಕಟಕಟಿ ನೋಡಲು ಸುಲಭ. ಜಾಲಿಯ ಕೊಂಬೆಯಿಂದ ಬಿಲ್ಲೆ ಕೊಯ್ದು ಅದರ ಅಂಚಿಗೆ ಎಂಟು ಹಲ್ಲು ಕೆತ್ತಬೇಕು. ಬಿಲ್ಲೆಯ ನಡುವೆ ಹಿಡಿ ಸಿಗಿಸಬೇಕು. ಹಿಡಿಯ ಸುತ್ತ ತಿರುಗುವಂತೆ ಒಂದು ಚೌಕಟ್ಟು, ಅದರಲ್ಲಿ ಬಿದಿರಿನ ನಾಲಿಗೆ. ಹಿಡಿದು ಬೀಸಿದರೆ ನಾಲಿಗೆ ಒಂದೊಂದೇ ಹಲ್ಲಿನ ಮೇಲಿಂದ ಜಾರಿ ಕಟಕಟಕಟ ಎಂದು ಕಿವಿ ಹರಿಯುವ ಸಪ್ಪಳ. ಹುಡುಗರು ಇದ್ದಿಲಿನಿಂದ ಗುರುತು ಹಾಕಿದರು, ನಾನು ಕೆತ್ತಿದೆ. ನಾಲಿಗೆ ದಪ್ಪವಾದರೆ ಚೌಕಟ್ಟು ತಿರುಗದು, ತೆಳ್ಳಗಾದರೆ ಲಟಕ್ಕನೆ ಮುರಿಯುವುದು. ಮೊದಲ ದಿನ ಮುರಿದದ್ದೇ ಆಯಿತು. ನನ್ನ ಬಾಯಿಗೆ ಸಿಕ್ಕವರನ್ನೆಲ್ಲ ಬೈದೆ.

"ಕಾಕಾ, ಬಿದಿರು ನಮ್ಮ ಮಾತು ಕೇಳವಲ್ದು ಅಂತ ನಮಗ್ಯಾಕ ಬೈತಿ?" ಎಂದಳು ಅಣ್ಣನ ಮಗಳು. ಆಮೇಲೆ ತಾನೇ ಬಳೆಯ ಚೂರಿನಿಂದ ನಾಲಿಗೆಯನ್ನು ಹದವಾಗಿ ಹೆರೆದು ಕೊಟ್ಟಳು. ಅದು ಮುರಿಯಲಿಲ್ಲ. "ಶಾಬ್ಬಾಸ್!" ಎಂದು ಬೆನ್ನು ತಟ್ಟಿದೆ. ಎರಡನೆಯ ದಿನ ಸಂಜೆಗೆ ಏಳು ಕಟಕಟಿ ಆದವು.

ನಮ್ಮ ಹೊಲದ ಬಗಲಿಗೆ ನನ್ನ ಸೋದರತ್ತೆಯ ನಾಲ್ಕು ಎಕರೆ. ಗಂಡ ಸತ್ತು, ಮಕ್ಕಳಿಲ್ಲದೆ ತವರಿಗೆ ಬಂದವಳಿಗೆ ಅಜ್ಜ ಕೊಟ್ಟ ಭೂಮಿ. ಅವಳ ವರ್ಷದ ರೊಟ್ಟಿ, ಅವಳ ಎಮ್ಮೆಯ ಮೇವು, ಎರಡೂ ಅದರಿಂದಲೇ ಬರಬೇಕು. ಹುಡುಗರೆಲ್ಲ ಆಯಿ ಎನ್ನುತ್ತಿದ್ದ ಅವಳು ಆ ಸಂಜೆ ಸೆರಗಿನಲ್ಲಿ ಹುರಿದ ಶೇಂಗಾ ತಂದು ಅವರಿಗೆ ಹಂಚಿದಳು.

"ನನಗೂ ಒಂದು ಮಾಡಿಕೊಡೋ ಮಗನ."

ಕೈ ಸೋತಿತ್ತು ನನಗೆ. "ನಿಂದು ನಮ್ಮ ಬಗಲಾಗೇ ಐತಲ್ಲ ಅತ್ತಿ. ನಮ್ಮ ಸಪ್ಪಳೇ ನಿನಗೂ ಸಾಕು."

"ಹಂಗಂತೀ? ಆತು ಬಿಡು" ಎಂದು ಅವಳು ನಂಬಿ ಹೋದಳು. ಸುಳ್ಳು ಹೇಳಬೇಕೆಂದು ನಾನು ಹೇಳಿರಲಿಲ್ಲ. ಆಗ ನನಗೂ ಅದೇ ನಿಜ ಅನಿಸಿತ್ತು.

ಮರುದಿನ ಮಧ್ಯಾಹ್ನ ಪಶ್ಚಿಮಕ್ಕೆ ಕಂದು ಧೂಳು ಎದ್ದಂತೆ ಕಂಡಿತು. ದನ ಬರುತ್ತಿವೆ ಎಂದುಕೊಂಡೆ. ಧೂಳು ನೆಲ ಬಿಟ್ಟು ಮೇಲೆ ಬಂತು, ಬಿಸಿಲು ಮಂಕಾಯಿತು, ಬಾಣಲೆಯಲ್ಲಿ ಜೋಳ ಹುರಿದಂಥ ಸದ್ದು ತಲೆಯ ಮೇಲೆಲ್ಲ ತುಂಬಿತು. ಸಣ್ಣ ಹುಡುಗನೊಬ್ಬ ಅಳತೊಡಗಿದ. ನಾನು ಗಂಟಲು ಹರಿದುಕೊಂಡು ಕೂಗಿದೆ: "ಎಲ್ಲಿ ಇಳಿತಾವ ಅಲ್ಲಿ ಓಡ್ರಿ! ನಿಂದರಬ್ಯಾಡ್ರಿ!"

ಅಪ್ಪ, ಅಣ್ಣ ಮೇಲಿನ ಅಂಚಿನಲ್ಲಿ ತಾಟು ಜಾಗಟೆ ಹಿಡಿದು ನಿಂತರು. ಕೆಳಗಿನ ಅರ್ಧ ನನ್ನದು, ಹುಡುಗರದು. ಏಳು ಕಟಕಟಿಯ ಸದ್ದಿಗೆ ಇಳಿದ ಮಿಡತೆ ಭರ್ರನೆ ಏಳುತ್ತಿದ್ದವು. ಎದ್ದವು ನಾಲ್ಕು ಸಾಲು ದಾಟಿ ಮತ್ತೆ ಇಳಿಯುತ್ತಿದ್ದವು. ಹುಡುಗರ ಮುಖಕ್ಕೆ, ಕೂದಲಿಗೆ, ಅಂಗಿಯೊಳಗೆ ಮಿಡತೆ. ಓಡಿದರು, ಬಿದ್ದರು, ಎದ್ದು ಮತ್ತೆ ತಿರುಗಿಸಿದರು. ಹೊತ್ತು ಮಾತ್ರ ಇಳಿಯಲೊಲ್ಲದು.

ಹೊತ್ತು ಮುಳುಗಲು ಆಳುದ್ದ ಉಳಿದಿದ್ದಾಗ ದಂಡು ನಮ್ಮ ಹೊಲ ಬಿಟ್ಟು ಬದು ದಾಟಿತು. ಉಳಿದೆವು ಎಂದು ಉಸಿರು ಬಿಡುವಷ್ಟರಲ್ಲಿ ಆ ಕಡೆಯಿಂದ ತಾಟಿನ ಸದ್ದು. ಅತ್ತೆ ಒಬ್ಬಳೇ ಜೋಳದ ನಡುವೆ ಕಚ್ಚೆ ಬಿಗಿದು, ಕಂಚಿನ ತಾಟನ್ನು ಸೌಟಿನಿಂದ ಬಡಿಯುತ್ತಾ ಓಡುತ್ತಿದ್ದಳು. ಅವಳು ಬಡಿದ ಕಡೆ ಎದ್ದವು ನಮ್ಮ ಕಡೆಗೇ ಬರತೊಡಗಿದವು.

ಆಗ ನಾನು ಕೂಗಿದೆ: "ಎಲ್ಲಾರೂ ಅತ್ತಿ ಬದುವಿಗಿ ಬರ್ರಿ! ಸಾಲಾಗಿ ನಿಂದರ್ರಿ! ಈ ಕಡಿ ಒಂದೂ ಬರಬಾರದು!"

ಹುಡುಗರು ಬಂದು ನಿಂತರು. ಅಣ್ಣನ ಮಗಳು ಕಟಕಟಿ ಕೆಳಗಿಳಿಸಿದಳು.

"ಕಾಕಾ, ಆ ಕಡಿ ಆಯಿ ಒಬ್ಬಾಕಿನೇ ಅದಾಳ."

"ಗೊತ್ತೈತಿ. ತಿರುಗಸು."

"ಎಲ್ಲಾ ಆಕಿ ಹೊಲದಾಗೇ ಕುಂಡ್ರತಾವ. ನಾವೂ ಆ ಕಡಿ ಹೋಗೂಣಲ್ಲ?"

"ನಮ್ಮದ್ಯಾರು ಕಾಯಬೇಕು, ನಿಮ್ಮಪ್ಪೇನು? ತಿರುಗಸಂದ್ರ ತಿರುಗಸು!"

ಅವಳು ತಿರುಗಿಸಲಿಲ್ಲ. ಕಪಾಳಕ್ಕೆ ಹೊಡೆದೆ. ಮೊನ್ನೆ ಶಾಬ್ಬಾಸ್ ಎಂದು ಬೆನ್ನು ತಟ್ಟಿದ ಅದೇ ಕೈ. ಕಟಕಟಿ ಕಿತ್ತುಕೊಂಡು ಬದುವಿನ ಮೇಲೆ ನಾನೇ ಬೀಸತೊಡಗಿದೆ. ಉಳಿದವರು ನನ್ನ ಮುಖ ನೋಡಿ ಹೆದರಿ ತಿರುಗಿಸಿದರು. ಅವಳು ಬಾವಿಯ ಕಟ್ಟೆಗೆ ಹೋಗಿ ಮೊಣಕಾಲಿಗೆ ಮುಖ ಒತ್ತಿ ಕೂತಳು. ಹೊತ್ತು ಮುಳುಗಿತು. ಎದ್ದ ದಂಡೆಲ್ಲ ಅತ್ತೆಯ ನಾಲ್ಕು ಎಕರೆಗೆ ಇಳಿಯಿತು. ತಾಟಿನ ಸದ್ದು ಸ್ವಲ್ಪ ಹೊತ್ತು ಕೇಳಿತು, ಆಮೇಲೆ ನಿಂತಿತು.

ಬೆಳಿಗ್ಗೆ ಬಿಸಿಲೇರಿ ದಂಡು ಹಾರಿಹೋದ ಮೇಲೆ ಹೊಲಕ್ಕೆ ಹೋದೆವು. ನಮ್ಮ ಜೋಳ ಅಲ್ಲಲ್ಲಿ ಹರಿದಿದ್ದರೂ ನಿಂತಿತ್ತು. ಬದುವಿನಾಚೆ ಎಲೆಯಿಲ್ಲ, ತೆನೆಯಿಲ್ಲ, ಸಿಪ್ಪೆ ಕಿತ್ತ ಬಿಳಿಯ ದಂಟುಗಳು ಮಾತ್ರ. ಅತ್ತೆ ಕುಡುಗೋಲು ಹಿಡಿದು ಅದರ ನಡುವೆ ನಿಂತಿದ್ದಳು. ನಮ್ಮನ್ನು ನೋಡಿ ಬದುವಿನ ತನಕ ಬಂದಳು.

"ನಿನ್ನೆ ಸಂಜಿಕ ನನ್ನ ಬದುವಿನ ಮ್ಯಾಲ ನಿಂತು ಈ ಕಡಿ ಹೊಡದವರ್ಯಾರು?"

ಹುಡುಗರು ನೆಲ ನೋಡಿದರು. ಅಣ್ಣನ ಮಗಳು ಮುಂದೆ ಬಂದಳು. ಕೆನ್ನೆ ಇನ್ನೂ ಊದಿತ್ತು.

"ನಾನು, ಆಯಿ."

ಅತ್ತೆ ಅವಳ ಕೆನ್ನೆ ಸವರಿದಳು. "ನೀ ಬಾವಿ ಕಟ್ಟಿ ಮ್ಯಾಲ ಕುಂತು ಅಳಾಕತ್ತಿದ್ದಿ, ನಾ ನೋಡೀನಿ. ನಿನಗ ಕೇಳಿಲ್ಲ ಕೂಸ."

ಎಲ್ಲವನ್ನೂ ನೋಡಿದ್ದಳು. ನೋಡಿಯೂ ಕೇಳಿದಳು, ನನ್ನ ಬಾಯಿಂದ ಬರಲಿ ಎಂದು. ನನ್ನ ಕಡೆ ತಿರುಗಿ ಕಾದಳು. "ನಾನೇ ಅತ್ತಿ, ತಪ್ಪಾತು" ಎಂದಿದ್ದರೆ ಬಹುಶಃ ಬೈದು, ಅತ್ತು, ಕಡೆಗೆ ಕ್ಷಮಿಸುತ್ತಿದ್ದಳು.

"ಗಾಳಿ ತಿರುಗಿತ್ತತ್ತಿ" ಎಂದೆ ನಾನು.

"ಹೌದೇನಪಾ" ಎಂದಳು. ಎಮ್ಮೆಗೆ ಅಷ್ಟಾದರೂ ಆಗಲಿ ಎಂದು ದಂಟು ಕೊಯ್ಯಲು ಹೋದಳು.

ಹಿಂದಿನ ಸಂಜೆ ಗಾಳಿಯೇ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಅಲ್ಲಿ ನಿಂತಿದ್ದ ಏಳೂ ಹುಡುಗರಿಗೆ ಗೊತ್ತಿತ್ತು.