ದೊಡ್ಡ ಟಿವಿಯ ಮುಂದಿನ ಕುರ್ಚಿ

ನೆರೈದಾ ಬಟ್ಟೆ ಒಗೆಯುವ ಮಷೀನು ತರುತ್ತೇನೆಂದು ಪೇಟೆಗೆ ಹೋದವಳು ಟಿವಿ ತಂದಳು. ಸಾನ್ ಪೆದ್ರೊದ ನಮ್ಮ ಓಣಿಯಲ್ಲಿ ಇದನ್ನು ಹೇಳಿಕೊಂಡು ನಗದವರಿಲ್ಲ. ನಗದೆ ಏನು ಮಾಡುತ್ತಾರೆ? ಊರ ಉಳ್ಳವರ ಬಟ್ಟೆ ಒಗೆದು ಇಸ್ತ್ರಿ ಹಾಕಿ ಗಂಡನನ್ನೂ ತನ್ನನ್ನೂ ಸಾಕುವ ಹೆಂಗಸು. ಸೋಪಿನ ನೀರಿಗೆ ಬೆರಳ ಸಂದಿಗಳು ಬೆಂದು ಬಿರಿದಿದ್ದವು. ಬೆಳಗ್ಗೆ ತೊಟ್ಟಿಯ ಮುಂದೆ ಬಗ್ಗಿದ ಸೊಂಟ ಸಂಜೆಗೂ ನೆಟ್ಟಗಾಗುತ್ತಿರಲಿಲ್ಲ. ಆ ಮಷೀನಿಗೆಂದೇ ಹೆಂಗಸರ ಚೀಟಿಗೆ ಸೇರಿ ತನ್ನ ಸರದಿ ಬರುವ ತನಕ ಬಾಯಿ ಕಟ್ಟಿಕೊಂಡಿದ್ದಳು. ಕೊನೆಗೆ ಗಾಡಿಯಿಂದ ಇಳಿದದ್ದು ಮಂಚದಷ್ಟು ಅಗಲದ ಚಪ್ಪಟೆ ಪೆಟ್ಟಿಗೆ. ಅಡ್ಡ ಹಿಡಿದರೆ ಬಾಗಿಲಲ್ಲಿ ತೂರಲಿಲ್ಲ. ನಾಲ್ಕು ಜನ ಓರೆ ಮಾಡಿ, ಹೆಣ ಸಾಗಿಸಿದ ಹಾಗೆ ಒಳಕ್ಕೆ ಸಾಗಿಸಿದೆವು.

ಮೂಲೆಯ ಕಿರಾಣಿ ಅಂಗಡಿಯ ವಿಕ್ಟೋರಿನೊ ಒಂದು ತುದಿ ಹಿಡಿದವನು ಬಾಯಿ ಹಿಡಿಯಲಿಲ್ಲ.

"ಏನ್ ದೋನ್ಯಾ ನೆರೈದಾ, ಇದಕ್ಕೆ ಬಟ್ಟೆ ಹಾಕೋದು ಎಲ್ಲಿಂದ?"

"ಮೊದಲು ನಿನ್ನ ನಾಲಿಗೆ ಹಾಕು. ಅದರಷ್ಟು ಕೊಳೆ ಯಾವ ಬಟ್ಟೇನೂ ಆಗಿಲ್ಲ."

ಹಾಗೆಂದಳೇ ಹೊರತು ಟಿವಿ ಯಾಕೆ ತಂದೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿಯ ಹತ್ತಿರ ಬಾಯಿ ಬಿಟ್ಟದ್ದು ಎಷ್ಟೋ ತಿಂಗಳ ಮೇಲೆ, ಬಟ್ಟೆ ಹಿಂಡುತ್ತಾ.

ಅವಳ ಗಂಡ ಸಿಲ್ವೇರಿಯೊನನ್ನು ಊರು ಸುಣ್ಣದ ಸಿಲ್ವೇರಿಯೊ ಎಂದೇ ಕರೆಯುವುದು. ನಮ್ಮೂರ ಬೇಸ್‌ಬಾಲ್ ಅಂಗಳದಲ್ಲಿ ಗೆರೆ ಎಳೆಯುವುದು ಅವನ ಕಸುಬಾಗಿತ್ತು. ಕೆಂಪು ಮಣ್ಣಿಗೆ ನೀರು ಚಿಮುಕಿಸಿ, ಹಲುಬೆ ಎಳೆದು ಸಮ ಮಾಡಿ, ಸುಣ್ಣದ ಗಾಡಿಯನ್ನು ತಳ್ಳಿಕೊಂಡು ಆಟದ ಎಲ್ಲೆಯನ್ನು ಬರೆಯುತ್ತಿದ್ದ. ಚೆಂಡು ಆ ಗೆರೆಯ ಒಳಗೆ ಬಿದ್ದರೆ ಆಟ, ಹೊರಗೆ ಬಿದ್ದರೆ ಅಲ್ಲ. ಎಷ್ಟೋ ಆಟಗಾರರು ಬಂದರು, ಹೋದರು, ದೊಡ್ಡವರಾದರು. ಗೆರೆ ಮಾತ್ರ ಸಿಲ್ವೇರಿಯೊನದು. ಆ ಕೆಲಸದ ಗತ್ತು ಅವನ ನಡಿಗೆಯಲ್ಲಿ ಉಳಿದಿತ್ತು. ಉಳಿಯದೆ ಹೋದದ್ದು ಕಣ್ಣು. ಮಂಜು ಕವಿಯುತ್ತಿದೆ, ಇದು ಕತ್ತರಿಗೂ ಬಗ್ಗದು ಔಷಧಕ್ಕೂ ಬಗ್ಗದು, ಇರುವಷ್ಟು ದಿನ ನೋಡಿಕೋ ಎಂದಿದ್ದರು ಡಾಕ್ಟರು. ಮನೆಯ ಹಳೇ ಟಿವಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಹಸಿರು ಬಣ್ಣ ಮತ್ತು ಗದ್ದಲ.

ಇದು ನೆರೈದಾಳಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಗೊತ್ತಾಗಕೂಡದು ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದ. ಗೆರೆ ಎಳೆಯುತ್ತಿದ್ದವನಿಗೆ ಗೆರೆ ಕಾಣುವುದಿಲ್ಲ ಎಂದು ಓಣಿಯವರು ಕನಿಕರ ಪಡುವುದಾದರೆ, ಅದಕ್ಕಿಂತ ಸಾಯುವುದು ವಾಸಿ ಅಂದಿದ್ದನಂತೆ.

ಮಷೀನು ಕೊಳ್ಳಲು ಹೋದ ದಿನ, ಅಂಗಡಿಯವನು ನೆರೈದಾಳಿಗೆ ಮಷೀನಿನ ಮುಚ್ಚಳ ತೆಗೆದು ತೋರಿಸುತ್ತಿದ್ದಾಗ ಸಿಲ್ವೇರಿಯೊ ಗೋಡೆಯ ಕಡೆ ಹೋಗಿ ನಿಂತಿದ್ದ. ಅಲ್ಲಿ ಈ ದೊಡ್ಡ ಟಿವಿಯಲ್ಲಿ ಯಾವುದೋ ಹಳೇ ಆಟ ಓಡುತ್ತಿತ್ತು. ಮೂಗು ತಗಲುವಷ್ಟು ಹತ್ತಿರ ನಿಂತು ಕೂಗಿದ.

"ನೇರಿ! ಏ ನೇರಿ! ಚೆಂಡು ಕಾಣ್ತು ಕಣೇ!"

ಅಂಗಡಿಯವರೆಲ್ಲ ತಿರುಗಿ ನೋಡಿದರು. ನೆರೈದಾ ಮಷೀನಿನ ಮುಚ್ಚಳ ಮುಚ್ಚಿದಳು. "ಆ ಕ್ಷಣ ನನ್ನ ಸೊಂಟ ನನ್ನನ್ನ ಬೈತು ಕಣಮ್ಮ, ಕೇಳಿಸ್ತು ನನಗೆ" ಎಂದಳಂತೆ ನನ್ನ ಹೆಂಡತಿಗೆ.

ಮನೆಯಲ್ಲಿ ಟಿವಿಯಿಂದ ಒಂದೂವರೆ ಮೊಳ ದೂರಕ್ಕೆ ತೂಗುಕುರ್ಚಿ ಎಳೆದು ಅವನನ್ನು ಕೂರಿಸಿದಳು. ಅಷ್ಟು ಹತ್ತಿರದಿಂದ ಅವನಿಗೆ ಎಲ್ಲ ಕಂಡಿತು: ಚೆಂಡು, ಗೆರೆ, ಎಸೆಯುವವನ ಕೆನ್ನೆಯ ಬೆವರು. ಆ ಸುಖ ಒಂದೇ ಒಂದು ಸಂಜೆಯದು.

ಮರುದಿನ ನಾವು ಬಂದೆವು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಓಣಿಗೆ ಅಂಥ ಟಿವಿ ಬಂದ ಮೇಲೆ, ಅದೂ ಚಳಿಗಾಲದ ಆಟಗಳು ಶುರುವಾದ ಮೇಲೆ, ನಾವು ಬರದೆ ಇರುವುದುಂಟೆ? ನಮ್ಮಲ್ಲಿ ಬಾಗಿಲು ಮುಚ್ಚಿ ಆಟ ನೋಡುವವನನ್ನು ಬಾಗಿಲು ಮುಚ್ಚಿ ಉಣ್ಣುವವನ ಸಾಲಿಗೇ ಸೇರಿಸುತ್ತಾರೆ. ನಾವು ಒಳಗೆ ಕಾಲಿಡುತ್ತಲೇ ಸಿಲ್ವೇರಿಯೊ ಎದ್ದ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಇಲ್ಲಿ ಬನ್ನಿ, ಮುಂದೆ."

ಬಂದವರಿಗೆ ಮುಂದಿನ ಕುರ್ಚಿ, ಮನೆಯವನಿಗೆ ಗೋಡೆ. ಇದು ಅವನ ಅಪ್ಪನ ಕಾಲದ ಮರ್ಯಾದೆ, ನಮ್ಮ ಅಪ್ಪಂದಿರದೂ ಹೌದು. ಆ ತೂಗುಕುರ್ಚಿಯಲ್ಲಿ ಒಂದು ದಿನ ವಿಕ್ಟೋರಿನೊ ಕೂತ, ಒಂದು ದಿನ ನಾನು ಕೂತೆ, ಒಂದು ದಿನ ಯಾರದೋ ಭಾವಮೈದುನ ಕೂತ. ಸಿಲ್ವೇರಿಯೊ ಹಿಂದೆ, ಅಡುಗೆಮನೆಯ ಪರದೆಗೆ ಒರಗಿ ನಿಂತಿರುತ್ತಿದ್ದ. ನಾವು ಕೂಗಿದರೆ ಕೂಗುತ್ತಿದ್ದ, ನಾವು ಬೈದರೆ ಬೈಯುತ್ತಿದ್ದ. ಒಂದು ಚಣ ತಡವಾಗಿ. ಅದನ್ನು ನಾವು ಮುದಿತನ ಎಂದುಕೊಂಡೆವು.

ನೆರೈದಾ ದಿನವೆಲ್ಲ ಒಗೆದು ಸಂಜೆ ನಮಗೆ ಕಾಫಿ ಸೋಸುತ್ತಿದ್ದಳು. ಕರೆಂಟು ಹೋದರೆ ಇನ್ವರ್ಟರು ಕಿರುಗುಟ್ಟುತ್ತಿತ್ತು. ಹೋಗದಿದ್ದರೆ ನಾವು ಕಿರುಗುಟ್ಟುತ್ತಿದ್ದೆವು. ನಾವು ಹೋದ ಮೇಲೆ ನೆಲ ಗುಡಿಸಿ, ಕುರ್ಚಿ ಎತ್ತಿ, ಬೆಳಕು ಹರಿಯುವ ಮೊದಲೇ ಮತ್ತೆ ತೊಟ್ಟಿ. ನಡುವೆ ಒಮ್ಮೆ ಗಂಡನಿಗೆ ಅಂದಳಂತೆ:

"ಎದ್ದು ಕೊಡಬೇಡ ಕುರ್ಚಿ. ಕಾಲು ನೋವು ಅನ್ನು."

"ಕಾಲು ನೋವು ಅಂದ್ರೆ ಎಣ್ಣೆ ತರ್ತಾರೆ, ಕುರ್ಚಿ ಬಿಡಲ್ಲ."

"ಹಾಗಾದ್ರೆ ಕಣ್ಣಿನ ವಿಷಯ ಹೇಳಿಬಿಡ್ತೀನಿ."

"ಹೇಳು. ಆಮೇಲೆ ಟಿವಿ ಜೊತೆ ನೀನೇ ಸಂಸಾರ ಮಾಡು."

ಹಾಗೆ ಆ ಋತುವೆಲ್ಲ ಕಳೆಯಿತು. ನಮ್ಮ ಹಸಿರಂಗಿಯವರು ಎಂದೂ ಇಲ್ಲದ ಹಾಗೆ ಗೆಲ್ಲುತ್ತಾ ಕೊನೆಯ ಆಟಕ್ಕೆ ಬಂದು ನಿಂತರು. ಭಾನುವಾರ ಇಳಿಹೊತ್ತಿಗೆ ಆಟ, ಅದೂ ನಮ್ಮೂರ ಅಂಗಳದಲ್ಲೇ. ಸಿಲ್ವೇರಿಯೊನ ಮಂಜು ಅಷ್ಟರಲ್ಲಿ ಇನ್ನೂ ದಟ್ಟವಾಗಿತ್ತು. ಬರುವ ವರ್ಷ ಒಂದೂವರೆ ಮೊಳವೂ ಸಾಲದು ಎಂಬುದು ಇಬ್ಬರಿಗೂ ಗೊತ್ತಿತ್ತು. ತನ್ನ ಗೆರೆಗಳ ಮೇಲೆ ತನ್ನೂರು ಗೆಲ್ಲುವುದನ್ನು ನೋಡಬೇಕಾದರೆ ಇದೊಂದೇ ಆಟ.

ಆಗ ಕ್ರೆಸೆನ್ಸಿಯೊ ಸತ್ತ.

ಅವನು ಸಿಲ್ವೇರಿಯೊನ ಚಿಕ್ಕಪ್ಪನ ಮಗ. ಗುಡ್ಡದ ಕಡೆಯ ಊರಲ್ಲಿ ದನ ಕಾಯುತ್ತಿದ್ದ. ಇಬ್ಬರೂ ಮುಖ ನೋಡಿ ಕಾಲವಾಗಿತ್ತು. ಫೋನಿನಲ್ಲಿ ಸುದ್ದಿ ಕೇಳಿ ಸಿಲ್ವೇರಿಯೊ ಶಿಲುಬೆಯ ಗುರುತು ಮಾಡಿಕೊಂಡು ಸುಮ್ಮನಾದ. ನೆರೈದಾ ಸುಮ್ಮನಾಗಲಿಲ್ಲ. ಇಸ್ತ್ರಿ ಹಾಕಿ ಮಡಿಚಿಟ್ಟಿದ್ದ ನೋಟರಿ ಮನೆಯ ಬಿಳೀ ಹಾಸುಬಟ್ಟೆ ತೆಗೆದು ಟಿವಿಗೆ ಹೊದಿಸಿಬಿಟ್ಟಳು. ನಮ್ಮಲ್ಲಿ ಸೂತಕದ ಮನೆಯಲ್ಲಿ ಕನ್ನಡಿಗೂ ಟಿವಿಗೂ ಬಟ್ಟೆ ಮುಚ್ಚುತ್ತಾರೆ. ಹೊಳೆಯುವುದರಲ್ಲಿ ಸತ್ತವನು ತನ್ನ ಮುಖ ಕಾಣಬಾರದು ಅಂತ. ಆದರೆ ಅಷ್ಟು ದೂರದ ಊರಲ್ಲಿ ಸತ್ತ ದಾಯಾದಿಗೆ ಯಾರೂ ಮುಚ್ಚುವುದಿಲ್ಲ.

"ಇದೇನೇ?" ಎಂದ ಸಿಲ್ವೇರಿಯೊ.

"ಸೂತಕ. ಸೂತಕದ ಮನೆಗೆ ಆಟ ನೋಡೋಕೆ ಯಾರು ಬರ್ತಾರೆ? ಭಾನುವಾರ ಬಾಗಿಲು ಹಾಕ್ತೀನಿ, ಬಟ್ಟೆ ಎತ್ತುತೀನಿ, ಸದ್ದು ಮಾಡಲ್ಲ. ನಿನ್ನ ಕುರ್ಚೀಲಿ ನೀನು ಕೂತು ನೋಡು."

"ಸತ್ತವನ ಹೆಸರಲ್ಲಿ ಸುಳ್ಳಾ?"

"ಸುಳ್ಳೇನು? ಸತ್ತಿಲ್ವಾ ಅವನು?"

ಸಿಲ್ವೇರಿಯೊ ಕೈ ಚಾಚಿ ಹಾಸುಬಟ್ಟೆಯ ಅಂಚನ್ನು ಸರಿ ಮಾಡಿದ.

ನೆರೈದಾ ನಮ್ಮ ಓಣಿಯಲ್ಲೇ ಹುಟ್ಟಿ ಬೆಳೆದವಳು. ಆದರೂ ದಣಿದ ತಲೆಗೆ ಒಂದು ಮಾತು ಹೊಳೆಯಲಿಲ್ಲ. ಟಿವಿ ಇರುವ ಮನೆಗಾದರೆ ಗಂಡಸರಷ್ಟೇ ಬಂದಾರು. ಸಾವಿನ ಮನೆಗೆ ಎಲ್ಲರೂ ಬರುತ್ತಾರೆ.

ಅದೇ ಸಂಜೆ, ಓಣಿಯವರೆಲ್ಲ ಅಮ್ಮ ಅನ್ನುವ ಹಾಗೆ ಮಾಮಾ ಎಂದು ಕರೆಯುವ ಮುದುಕಿ ಬೆನೀತಾ ಜಪಸರ ಹಿಡಿದು ಬಂದಳು. ಓಣಿಯಲ್ಲಿ ಯಾರೇ ಸತ್ತರೂ ಒಂಬತ್ತು ದಿನದ ಜಪ ನಡೆಸುವವಳು ಅವಳು. ಆಗಲೇ ತೊಂಬತ್ತರ ಹತ್ತಿರ, ದನಿ ಮಾತ್ರ ಗಂಟೆ.

"ಊರು ದೂರ ಅಂತ ದುಃಖ ದೂರವೇನೇ ಮಗಳೇ? ಜಪ ಇಲ್ಲೇ ಆಗಲಿ. ಕುರ್ಚಿ ತರೋಕೆ ಹೇಳಿದ್ದೀನಿ. ಕಾಫಿ ಇದೆಯಾ?"

ನೆರೈದಾ ಒಲೆಯ ಪಕ್ಕದ ಗೋಡೆಗೆ ತಲೆ ಆನಿಸಿ ನಿಂತಳು. "ಇದೆ ಮಾಮಾ" ಎಂದಳು. ಇನ್ನೇನು ಹೇಳುತ್ತಾಳೆ?

ಆಟಕ್ಕೆ ಬಂದವರು ಒಂದು ಕಪ್ಪಿಗೆ ಎದ್ದು ಹೋಗುತ್ತಿದ್ದರು. ಸತ್ತವನಿಗೆ ಬಂದವರು ಕಾಫಿ ಕುಡಿದರು, ಶುಂಠಿ ಕಷಾಯ ಕುಡಿದರು, ಚೀಸು ಬಿಸ್ಕತ್ತು ತಿಂದರು, ಅಂಗಳದಲ್ಲಿ ಡಾಮಿನೋ ಆಟದ ಹಲಗೆ ಹಾಕಿದರು. ಯಾರೂ ಕಾಣದ ಕ್ರೆಸೆನ್ಸಿಯೊ ಎಂಥ ಒಳ್ಳೆಯವನು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮುಚ್ಚಿದ ಟಿವಿಯ ಕೆಳಗೆ ಮೇಜಿಟ್ಟು, ಮೊಂಬತ್ತಿ ಹಚ್ಚಿ, ಲೋಟದಲ್ಲಿ ನೀರಿಟ್ಟರು. ಮೊಂಬತ್ತಿಯ ಹೊಗೆ ನೋಟರಿ ಮನೆಯ ಬಟ್ಟೆಗೆ ಏರುವುದನ್ನು ನೆರೈದಾ ಬಾಗಿಲ ಸಂದಿನಿಂದ ನೋಡುತ್ತಿದ್ದಳು.

ಒಂದು ಮಾತ್ರ ಬೇರೆಯಾಯಿತು. ಸಿಲ್ವೇರಿಯೊ ಎಂದಿನಂತೆ ಎದ್ದು "ಕೂತ್ಕೊಳ್ಳಿ ಮಾಮಾ, ಮುಂದೆ" ಎಂದಾಗ ಬೆನೀತಾ ಅವನ ಭುಜ ಹಿಡಿದು ಅದುಮಿದಳು.

"ಕೂರೋ ನೀನು. ಸೂತಕದವನ ಜಾಗ ಅದು. ಅವನು ಎದ್ರೆ ಸತ್ತವನೂ ಏಳ್ತಾನೆ."

ಹೀಗೆ ಆ ಋತುವಿನಲ್ಲಿ ಮೊದಲ ಸಲ ಸಿಲ್ವೇರಿಯೊ ಜನರ ಮುಂದೆ ತನ್ನ ಕುರ್ಚಿಯಲ್ಲಿ ಕೂತ. ಎದುರಿಗೆ ಹಾಸುಬಟ್ಟೆ.

ಭಾನುವಾರದ ಜಪವೂ ಆಟವೂ ಒಂದೇ ಹೊತ್ತಿಗೆ ಬಂದವು. ಬೆನೀತಾ ಜಪ ಮುಂದೂಡುವವಳಲ್ಲ. ಮನೆ ತುಂಬಿತ್ತು, ಎಲ್ಲರ ಬಾಯಲ್ಲಿ ದೇವರು, ಎಲ್ಲರ ಕಿವಿ ಬೀದಿಯಲ್ಲಿ. ಬೆನೀತಾ ಸಂತರ ಹೆಸರು ಹೇಳುವುದು, ನಾವು "ಅವನಿಗಾಗಿ ಪ್ರಾರ್ಥಿಸಿರಿ" ಅನ್ನುವುದು. ನಡುವೆ ಪಕ್ಕದ ಓಣಿಯಿಂದ ಹೋ ಎಂಬ ಕೂಗು ಎದ್ದಿತು. ನಮ್ಮ ಪ್ರಾರ್ಥನೆ ತಡವರಿಸಿತು. ವಿಕ್ಟೋರಿನೊ ಕಿವಿಯಲ್ಲಿ ಹಂಜಿ ಇಟ್ಟವನ ಹಾಗೆ ತಲೆ ಓರೆ ಮಾಡಿಕೊಂಡಿದ್ದ. ಅಂಗಿಯೊಳಗಿಂದ ರೇಡಿಯೊದ ತಂತಿ ಇಣುಕುತ್ತಿತ್ತು.

"ಸಂತ ಪೇತ್ರ," ಎಂದಳು ಬೆನೀತಾ.

"ಒಂದೇ ಓಟ ಹಿಂದೆ," ಎಂದ ವಿಕ್ಟೋರಿನೊ.

ನಾಲ್ಕಾರು ಜನ ಕೆಮ್ಮಿದರು. ಬೆನೀತಾ ಜಪಸರವನ್ನು ಮಡಿಲಿಗಿಳಿಸಿ ಅವನನ್ನು ದಿಟ್ಟಿಸಿದಳು. ಆಮೇಲೆ ಸಿಲ್ವೇರಿಯೊನ ಕಡೆ ತಿರುಗಿದಳು.

"ಸತ್ತವನು ಯಾವ ಬಣ್ಣದವನಪ್ಪ?"

"ಹಸಿರು, ಮಾಮಾ. ಗುಡ್ಡದಲ್ಲಿದ್ರೂ ಹಸಿರೇ."

"ಹಂಗಂದ್ರೆ ಅವನ ಆತ್ಮ ಈಗ ಈ ಮನೇಲಿದೆ ಅಂದ್ಕೊಂಡ್ಯಾ? ಮಣ್ಣಂಗಳದ ಬೇಲಿ ಮೇಲೆ ಕೂತಿರುತ್ತೆ. ಇಷ್ಟೊತ್ತೂ ಖಾಲಿ ಮನೆಗೆ ಜಪ ಮಾಡಿದ್ದೀವಿ ನಾವು. ತೆಗೀರೋ ಬಟ್ಟೆ! ಸದ್ದು ಬೇಡ. ಯಾರಾದ್ರೂ ಕೂಗಿದ್ರೆ ಹೊರಗೆ ಹಾಕ್ತೀನಿ. ಸಾವಿನ ಮನೆ ಇದು."

ಬಟ್ಟೆ ಇಳಿಯಿತು. ಮೊಂಬತ್ತಿಯ ಹಿಂದೆ ಹಸಿರು ಹುಲ್ಲು ಗೋಡೆಯಗಲ ಹರಡಿಕೊಂಡಿತು. ಸಿಲ್ವೇರಿಯೊ ಅಭ್ಯಾಸಬಲದಿಂದ ಏಳಹೋದ. ಬೆನೀತಾಳ ಕೈ ಆಗಲೇ ಅವನ ಭುಜದ ಮೇಲಿತ್ತು.

ಸದ್ದಿಲ್ಲದ ಆಟ ಅದು. ಕೂಗುವವರಿಲ್ಲ. ಯಾವ ಕೂಗಿನ ಹಿಂದೆ ಕೂಗಬೇಕೋ ಅದಿಲ್ಲ. ಸಿಲ್ವೇರಿಯೊ ಮೊಣಕಾಲಿಗೆ ಕೈಯೂರಿ ಮುಂದಕ್ಕೆ ಬಾಗಿದ, ಇನ್ನೂ ಬಾಗಿದ, ಮೊಂಬತ್ತಿಯನ್ನು ಪಕ್ಕಕ್ಕೆ ಸರಿಸಿ ಹಣೆ ಗಾಜಿಗೆ ತಗಲುವಷ್ಟು ಬಾಗಿದ. ಚೆಂಡು ಎಡಕ್ಕೆ ಹೋದಾಗ ಅವನ ತಲೆಯೂ ಎಡಕ್ಕೆ, ಬಲಕ್ಕೆ ಹೋದಾಗ ಬಲಕ್ಕೆ. ಆಗ ನಮಗೆ ತಿಳಿಯಿತು. ಒಬ್ಬರಾದ ಮೇಲೊಬ್ಬರಿಗೆ, ಹಿಂದಿನ ಸಾಲಿನ ತನಕ. ವಿಕ್ಟೋರಿನೊ ತಂತಿ ಕಿತ್ತು ಜೇಬಿಗಿಟ್ಟ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕೊನೆಯ ಸರದಿಯಲ್ಲಿ ನಮ್ಮ ಇಬ್ಬರು ಓಟಕ್ಕೆ ನಿಂತಿದ್ದಾಗ ದಾಂಡಿಗ ಚೆಂಡನ್ನು ಎಡಗಡೆಗೆ ಸೀಳಿದ. ಅದು ಎಲ್ಲೆಯ ಗುಂಟ ಹಾರಿ ದೂರ ಬಿತ್ತು. ಒಳಗೋ, ಹೊರಗೋ? ನಮಗೆ ತಿಳಿಯಲಿಲ್ಲ.

"ಸುಣ್ಣ ಹಾರ್ತು," ಎಂದ ಸಿಲ್ವೇರಿಯೊ ಮೆಲ್ಲಗೆ. "ಗೆರೆ ಮೇಲೆ ಬಿತ್ತು. ನೋಡಿದ್ರಾ? ಸುಣ್ಣ ಹಾರ್ತು."

ನಮ್ಮ ಇಬ್ಬರೂ ಓಡಿ ಬಂದರು, ಹಸಿರಂಗಿಯವರು ಗೆದ್ದರು. ಹೊರಗೆ ಊರೆಲ್ಲ ಗಂಟಲು ಕಿತ್ತುಕೊಂಡು ಕೂಗಿತು. ಒಳಗೆ ಒಬ್ಬರೂ ಕೂಗಲಿಲ್ಲ. ಬೆನೀತಾಳಿಗೆ ಹೆದರಿ ಅಲ್ಲ.

"ನೇರಿ!" ಎಂದು ಅವನು ಅಡುಗೆಮನೆಯ ಕಡೆ ಕೈ ಚಾಚಿದ. "ನೇರಿ, ಕಾಣ್ತು ಕಣೇ!"

ಪರದೆ ಸರಿಸಿ ನೋಡಿದೆ. ನೆರೈದಾ ಒಗೆಯುವ ಬಟ್ಟೆಯ ಗಂಟಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಳು, ಕೈಯಲ್ಲಿ ಕಾಫಿ ಸೋಸುವ ಬಟ್ಟೆ. ಗಂಡನ ದನಿಗೆ ಕಣ್ಣು ಬಿಡದೆಯೇ ಅಂದಳು:

"ಕಾಫಿ ಇನ್ನೂ ಇದೆ, ಬಗ್ಗಿಸಿಕೊಳ್ಳಿ."

ನೋಟರಿ ಮನೆಯ ಹಾಸುಬಟ್ಟೆಯನ್ನು ಸೋಮವಾರ ಮತ್ತೆ ಒಗೆಯಬೇಕಾಯಿತು. ಮೊಂಬತ್ತಿಯ ಮಸಿ ಸುಲಭಕ್ಕೆ ಬಿಡುವುದಿಲ್ಲ.

ಜಪದ ಒಂಬತ್ತು ದಿನ ಮುಗಿದ ಮೇಲೆ ಬೆನೀತಾ ಸಿಲ್ವೇರಿಯೊನ ಅಂಗಿಯ ತೋಳಿಗೆ ಸೂತಕದ ಕರೀ ಪಟ್ಟಿ ತಾನೇ ಹೊಲಿದಳು. "ಇದನ್ನು ನಾನು ಹೇಳೋ ತನಕ ತೆಗೀಬೇಡ" ಎಂದಳು. ಯಾವಾಗ ಎಂದು ಯಾರೂ ಕೇಳಲಿಲ್ಲ. ಟಿವಿ ಮತ್ತೆ ಓಡಿತು, ನಾವು ಮತ್ತೆ ಬಂದೆವು; ನಮ್ಮ ನಮ್ಮ ಮನೆಯಿಂದ ಕಾಫಿ ತಂದೆವು, ಏಳುವಾಗ ನೆಲ ಗುಡಿಸಿದೆವು. ತೂಗುಕುರ್ಚಿ ಸೂತಕದವನದು. ಹೊಸಬರು ಯಾರಾದರೂ ಅದರ ಕಡೆ ಹೆಜ್ಜೆ ಇಟ್ಟರೆ ವಿಕ್ಟೋರಿನೊ ಅಂಗಿ ಹಿಡಿದು ಎಳೆಯುತ್ತಾನೆ: "ಅವರ ಮನೇಲಿ ಸಾವಾಗಿದೆಯಪ್ಪ, ಗೊತ್ತಿಲ್ವಾ?"

ಕ್ರೆಸೆನ್ಸಿಯೊ ಸತ್ತು ಎರಡು ಚಳಿಗಾಲ ಕಳೆದಿವೆ. ಸಿಲ್ವೇರಿಯೊನಿಗೆ ಈಗ ಹಸಿರು ಬಣ್ಣವೂ ಅಷ್ಟಕ್ಕಷ್ಟೇ. ಆದರೂ ಒಂದೂವರೆ ಮೊಳ ದೂರದಲ್ಲಿ ಕೂರುತ್ತಾನೆ. ಗೆರೆಯ ಹತ್ತಿರ ಚೆಂಡು ಬಿದ್ದಾಗ ನಾವು ಯಾರೂ ಅವನಿಗಿಂತ ಮೊದಲು ಬಾಯಿ ತೆಗೆಯುವುದಿಲ್ಲ. ನೆರೈದಾ ವಾರಕ್ಕೊಮ್ಮೆ ಆ ಅಂಗಿಯನ್ನು ತೊಟ್ಟಿಗೆ ಹಾಕುವ ಮೊದಲು ಕರೀ ಪಟ್ಟಿಯ ಹೊಲಿಗೆ ಬಿಚ್ಚುತ್ತಾಳೆ, ಅಂಗಿ ಈಗಲೂ ಕೈಯಲ್ಲೇ ಒಗೆಯುತ್ತಾಳೆ, ಒಣಗಿದ ಮೇಲೆ ಪಟ್ಟಿಯನ್ನು ಮತ್ತೆ ಹೊಲಿಯುತ್ತಾಳೆ.