ಹಾವಗೆಪ್ಪ ತೊಳೆದ ಗಾಳಿ

ನಮ್ಮ ಸೋದರಮಾವ ಹಾವಗೆಪ್ಪ ಹೆಂಡತಿಯನ್ನು ತಾನೇ ಕೊಂದ ಎಂದು ಭಾಲ್ಕಿಯಲ್ಲಿ ಇವತ್ತಿಗೂ ಆಡಿಕೊಳ್ಳುವವರಿದ್ದಾರೆ. ಬಾಯಿಗೆ ಬಂದದ್ದು ಆಡಲು ಅವರ ಗಂಟೇನು ಹೋಗುತ್ತದೆ? ನಡೆದದ್ದನ್ನು ಕಣ್ಣಾರೆ ಕಂಡವಳು ನಾನು.

ನಿಜಾಮರ ಕಾಲ. ಮಾವ ಬೀದರಿನಲ್ಲಿ ರಶೀದ ಅಹ್ಮದ ಸಾಹೇಬರ ಸೋಡಾ ಕಾರ್ಖಾನೆಯಲ್ಲಿ ಗಾಳಿ ತೊಳೆಯುತ್ತಿದ್ದ. ನಗಬೇಡಿ, ಅದೂ ಒಂದು ಕೆಲಸವೇ. ಸುಣ್ಣದ ಕಲ್ಲಿನ ಪುಡಿಗೆ ತೇಜಾಬು ಎಂಬ ಸುಡುವ ಆಮ್ಲ ಸುರಿದರೆ ಸೋಡಾಕ್ಕೆ ಬೇಕಾದ ಗಾಳಿ ಉಕ್ಕುತ್ತದೆ. ಜೊತೆಗೆ ಹುಳಿ ಹೊಗೆ, ಕೊಳೆತ ಮೊಟ್ಟೆಯ ನಾತ. ತಣ್ಣೀರಿನ ಮೂರು ಜಾಡಿಗಳಲ್ಲಿ ಹಾಯಿಸಿದರೆ ನೀರು ಆ ಹೊಲಸನ್ನು ಹಿಡಿದುಕೊಳ್ಳುತ್ತದೆ, ಒಂದಿಷ್ಟು ಸೋಡಾದ ಗಾಳಿಯನ್ನೂ ಕುಡಿಯುತ್ತದೆ. ಅದಕ್ಕೆ ದಿನಾ ಹೊಸ ನೀರು ಬೇಕು. ಹೊರುವವಳು ಅತ್ತೆ ಗುಂಡಮ್ಮ, ಕೋಟೆ ಬದಿಯ ಬಾವಿಯಿಂದ ಇಪ್ಪತ್ತು ಕೊಡ. ಅವಳ ಸೊಂಟ ಬಿದ್ದುಹೋಗಿತ್ತು.

ಅವಳ ನರಳಾಟ ನೋಡಲಾರದೆ ಮಾವ ಉಪಾಯ ಹುಡುಕಿದ. ಬಳಸಿದ ನೀರನ್ನು ಎರಡು ದಿನ ಬಿಟ್ಟರೆ ಹಿಡಿದ ಗಾಳಿಯನ್ನು ಅದು ತಾನೇ ಬಿಟ್ಟುಕೊಡುತ್ತದೆ, ಮತ್ತೆ ಕೆಲಸಕ್ಕೆ ಬರುತ್ತದೆ. ಕಾರ್ಖಾನೆಯ ಹಿತ್ತಲಲ್ಲಿ ನೆಲದೊಳಗೆ ನೀರು ತುಂಬಿಡುವ ಹಳೆಯ ಹೌದ ಇತ್ತು. ಅದಕ್ಕೆ ಸುರಿದು, ನಾತ ಬರಬಾರದೆಂದು ಹಲಗೆ ಮುಚ್ಚಿದ. ಇಪ್ಪತ್ತು ಕೊಡ ಐದಕ್ಕಿಳಿಯಿತು. ಆ ಚಳಿಗಾಲವೆಲ್ಲ ಅತ್ತೆ ನೆಟ್ಟಗೆ ನಡೆದಳು, ಮಾವನ ಹಿಗ್ಗು ಹೇಳತೀರದು.

ಯುಗಾದಿಗೆ ಮುಂಚೆ ಹೌದ ತೊಳೆಯುವುದು ನಮ್ಮಲ್ಲಿ ಹೆಂಗಸರ ಪಾಲಿನ ಕೆಲಸ. ನೀರನ್ನೆಲ್ಲ ಮೇಲಿನಿಂದಲೇ ಮೊಗೆದು ತೆಗೆದೆವು. ಅತ್ತೆ ಏಣಿ ಇಳಿಸಿ, "ಮೊದ್ಲ ದೀಪ ಇಳಿಬಿಡ್ಲೇನ್ರಿ?" ಎಂದು ಕೇಳಿದಳು. ಹಳೆ ಬಾವಿಗೆ ಇಳಿಯುವವರು ಹಾಗೆ ಮಾಡುತ್ತಾರೆ, ದೀಪ ಆರಿದರೆ ಇಳಿಯುವುದಿಲ್ಲ.

"ದೀಪ ಹಾಳು ಬಾವಿಗಿ ಇಳಿಬಿಡ್ತಾರ. ಇದು ನಾ ದಿನಾ ಕೈ ಆಡ್ಸೋ ಹೌದ. ಅಂಜಬ್ಯಾಡ, ಇಳಿ," ಎಂದ ಮಾವ.

ನೀರು ಬಿಟ್ಟ ಗಾಳಿ ಎಲ್ಲಿಗೆ ಹೋಯಿತೆಂದು ಅವನು ಯೋಚಿಸಿರಲಿಲ್ಲ. ಸುಡುಗಾಡು, ನಾವಾದರೂ ಯೋಚಿಸಿದೆವೇ? ಅದು ಉಸಿರಾಡುವ ಗಾಳಿಗಿಂತ ಭಾರ, ತಳದಲ್ಲೇ ಕೂತಿತ್ತು. ಅತ್ತೆ ಪೊರಕೆ ಹಿಡಿದು ಬಾಗಿದಳು, ಹಾಗೆಯೇ ಕುಸಿದಳು. ಮಾವ ಹಿಂದೆಯೇ ನುಗ್ಗಿದ. ಜೊತೆ ಕೆಲಸಗಾರ ಯುನುಸ ಅವನನ್ನು ತಡೆದು ಸೊಂಟಕ್ಕೆ ಹಗ್ಗ ಬಿಗಿದು ಬಿಟ್ಟ. ನಾಲ್ಕು ಮೆಟ್ಟಿಲಿಗೇ ಅವನೂ ಜೋತುಬಿದ್ದ, ಎಳೆದುಕೊಂಡೆವು. ಅತ್ತೆಯನ್ನು ಕೊಕ್ಕೆ ಹಾಕಿ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ನಮ್ಮೂರು ಭಾಲ್ಕಿಯ ಹೊಲದಲ್ಲಿ ಗುಂಡಿ ತೋಡಿದ್ದರು. ಅತ್ತೆಯನ್ನು ಇಳಿಸಲು ಎತ್ತಿದಾಗ ಮಾವ ಅಡ್ಡ ನಿಂತ.

"ತಡೀರಿ. ಮೊದ್ಲ ನಾ ಇಳಿತೇನಿ."

ಇಳಿದು ಕೂತ. ಮೂಗನ್ನು ತಳದ ಮಣ್ಣಿಗೆ ಹಚ್ಚಿ ಉಸಿರೆಳೆದ, ಮತ್ತೊಮ್ಮೆ ಎಳೆದ. ಎಷ್ಟೋ ಹೊತ್ತಿನ ಮೇಲೆ ಮಾವ ಎರಡೂ ಕೈ ಮೇಲೆತ್ತಿದ.

"ಗಾಳಿ ಚೊಲೊ ಅದರಿ. ಈಗ ಆಕಿನ್ನ ಕೊಡ್ರಿ."