ಎರಡು ಪಿಎಚ್.ಡಿ.ಗಳ ನಡುವೆ

ರಾಮದುರ್ಗದ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಕಲಿಸುತ್ತಿದ್ದೆ. ಶ್ರಾವಣ ಬಂತೆಂದರೆ ಯರಗಟ್ಟಿ ಕಡೆಯ ಒಂದು ಮಠದಲ್ಲಿ ತಿಂಗಳಿಡೀ ಸಂಜೆ ಪ್ರವಚನ ಹೇಳುತ್ತಿದ್ದೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಒಂದು ದಿನ ವಿಭಾಗದ ಮುಖ್ಯಸ್ಥರು ಕರೆದರು. "ಮೇಡಂ, ಇನ್ನ ಮ್ಯಾಲ ಪಿಎಚ್.ಡಿ. ಇಲ್ಲದವರಿಗೆ ಕ್ಲಾಸ್ ಕೊಡೂದು ಕಷ್ಟ ಐತಿ. ಲಗೂನ ಏನರ ಮಾಡ್ರಿ."

ನನ್ನ ಮುಂದೆ ಎರಡು ದಾರಿ ಇದ್ದವು. ಪ್ರವಚನಕಾರರಿಗಾಗಿಯೇ ಒಂದು ಸಂಸ್ಥೆ ಶರಣತತ್ವದಲ್ಲಿ ಡಾಕ್ಟರೇಟ್ ಕೊಡುತ್ತಿತ್ತು. ಮನೆಯಲ್ಲೇ ಕುಳಿತು ಬರೆಯಬಹುದು, ಪ್ರವಚನ ಬಿಡಬೇಕಿಲ್ಲ. ಆದರೆ ಕಾಲೇಜು ಅದನ್ನು ಒಪ್ಪುವುದಿಲ್ಲ. ಕಾಲೇಜು ಒಪ್ಪುವ ಪದವಿಗೆ ಧಾರವಾಡಕ್ಕೆ ಹೋಗಬೇಕು, ಕೋರ್ಸ್‌ವರ್ಕ್ ತರಗತಿಗಳು ಸಂಜೆಯವರೆಗೆ ನಡೆಯುವುದು ಸರಿಯಾಗಿ ಶ್ರಾವಣದಲ್ಲೇ.

"ಪ್ರವಚನ ಬಿಡಬೇಕಾಗತೈತಿ ನೋಡ್ರಿ. ಹಾಜರಿ ಕಡಿಮಿ ಆದ್ರ ನಾ ಏನೂ ಮಾಡಾಕ ಬರೂದಿಲ್ಲ," ಎಂದರು ಧಾರವಾಡದಲ್ಲಿ ನನಗೆ ಮಾರ್ಗದರ್ಶಕರಾಗಲಿದ್ದ ಪ್ರಾಧ್ಯಾಪಕರು.

ಮಠದ ಸ್ವಾಮಿಗಳಾದ ಅಜ್ಜಾರ ಮುಂದೆ ಹೋಗಿ ಕುಳಿತೆ. ಬೇಡ ಎನ್ನಲಿ, ತಡೆಯಲಿ ಎಂಬ ಆಸೆ ಒಳಗೆ ಇತ್ತು. ಅವರು, "ಹೊಟ್ಟಿಗೆ ಯಾವುದು ಆಗತೈತೋ ಅದನ್ನ ಮಾಡವ್ವ. ಮಠಕ್ಕ ಯಾರರ ಸಿಗತಾರ," ಎಂದರು. ಆಶೀರ್ವಾದವೇ ಅದು. ಆದರೆ 'ಯಾರಾದರೂ ಸಿಗುತ್ತಾರೆ' ಎಂಬ ಮಾತು ಎದೆಯಲ್ಲಿ ನಾಟಿಕೊಂಡಿತು. ಹೊರಗೆ ಬಂದು ಚಪ್ಪಲಿ ಮೆಟ್ಟಲೂ ಆಗದೆ ಕಟ್ಟೆಯ ಮೇಲೆ ಕುಳಿತು ಅತ್ತೆ.

ಧಾರವಾಡವನ್ನೇ ಆರಿಸಿಕೊಂಡೆ. ಆ ಶ್ರಾವಣದ ಒಂದು ಸಂಜೆ ಧಾರವಾಡದಿಂದ ಬಂದು ನಮ್ಮೂರು ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, ಪ್ರತಿ ವರ್ಷ ಪ್ರವಚನಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹೆಣ್ಣುಮಗಳೊಬ್ಬಳು ಎದುರಾದಳು.

"ಅಕ್ಕಾರ, ಈ ಸಲ ನೀವ್ಯಾಕ ಬಂದಿಲ್ರಿ?"

"ಗಂಟಲ ಸರಿ ಇಲ್ಲವ್ವ."

"ಹೊಸಾರು ಚಲೋನ ಹೇಳತಾರ್ರಿ. ಆದ್ರ ನಮಗ ಅಳು ಬರವಲ್ದು," ಎಂದು ನಕ್ಕಳು. ನಾನೂ ನಕ್ಕೆ. ಮನೆ ಮುಟ್ಟುವ ತನಕ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನಡೆದೆ.

ಮರುವರ್ಷ ಕಾಲೇಜು ತೆರೆದಾಗ ಮುಖ್ಯಸ್ಥರು ನನ್ನ ಮುಖ ನೋಡಲಿಲ್ಲ. "ಪಿಎಚ್.ಡಿ.ಗೆ ಹೆಸರು ಹಚ್ಚಿದ್ರ ಸಾಲೂದಿಲ್ಲಂತ್ರಿ ಮೇಡಂ. ಪದವಿ ಕೈಯಾಗ ಇರಬೇಕಂತ." ನನ್ನ ತರಗತಿಗಳು ಪದವಿ ಮುಗಿಸಿದ ಇನ್ನೊಬ್ಬರ ಪಾಲಾಗಿದ್ದವು. ಮಠದಲ್ಲಿ ಆ ವರ್ಷವೂ ಹೊಸಬರೇ ನಿಂತರು. ನನ್ನನ್ನು ಕೇಳಲು ಯಾರೂ ಬರಲಿಲ್ಲ, ನಾನಾಗಿ ಹೋಗಿ ಕೇಳಲು ಬಾಯಿ ಬರಲಿಲ್ಲ.

"ಪಿಎಚ್.ಡಿ. ಬಿಟ್ಟಬಿಡತೇನಿ," ಎಂದೆ ಗಂಡನಿಗೆ.

ಅವರು ಊಟ ನಿಲ್ಲಿಸಿ ಕೇಳಿದರು: "ಇದನ್ನೂ ಬಿಟ್ರ ಏನ ಉಳೀತೈತಿ?"

ಅವರು ಧೈರ್ಯ ಹೇಳಲೆಂದೇ ಕೇಳಿರಬಹುದು. ನನಗೆ ಮಾತ್ರ ಅದು ಲೆಕ್ಕ ಕೇಳಿದಂತೆ ಕೇಳಿಸಿತು: ಕಾಲೇಜೂ ಇಲ್ಲ, ಮಠವೂ ಇಲ್ಲ. ಮರುದಿನ ಬೆಳಿಗ್ಗೆ ಧಾರವಾಡದ ಬಸ್ ಹತ್ತಿ ಗ್ರಂಥಾಲಯಕ್ಕೆ ಹೋದೆ. ಓದುವ ಹುಮ್ಮಸ್ಸಿನಿಂದಲ್ಲ. ಬೆಳಗಾದರೆ ಹೋಗಲು ಬೇರೆ ಜಾಗ ಇರಲಿಲ್ಲ. ಈಗಲೂ ಹೋಗುತ್ತಿದ್ದೇನೆ.